ಎಡಕ್ಕೋ, ಬಲಕ್ಕೋ?
ಕಾರು ತಿರುಗಿಸಿದಾಗ ಗರಗರ ಅನ್ನುತ್ತೆ ಅಂತ ಯಾರೇ ಬರಲಿ, ನಮ್ಮೂರ ಮೆಕ್ಯಾನಿಕ್ ತೌನೋ ಕೇಳೋದು ಒಂದೇ: "ಎಡಕ್ಕೋ, ಬಲಕ್ಕೋ?" ಸೌನಾದ ಬಿಸಿಹಬೆಯಲ್ಲಿ ಪಕ್ಕ ಕೂತವರು ಸೊಂಟ ನೋವು ಅಂದರೂ ಅದೇ ಪ್ರಶ್ನೆ. ಎಂಥ ಹಿಮದಲ್ಲೂ ಸದ್ದು ಕೇಳಲೆಂದು ಟೋಪಿಯ ಕಿವಿಪಟ್ಟಿ ಮೇಲೆತ್ತಿ ಕಟ್ಟಿ, ಕಾರನ್ನು ಚರ್ಚಿನ ಅಂಗಳದಲ್ಲಿ ಎರಡು ಸುತ್ತು ಹಾಕಿಸಿ, ಚಕ್ರದ ಹಿಂದಿನ ತಗಡಿಗೆ ಸಿಕ್ಕಿಕೊಂಡ ಜಲ್ಲಿಕಲ್ಲನ್ನು ಕಿತ್ತು ನಮ್ಮ ಅಂಗೈಗಿಡುತ್ತಾನೆ: "ತಗೊಳ್ಳಿ, ನಿಮ್ಮ ಕಾಯಿಲೆ." ಇಂಥವನ ಸ್ವಂತ ವ್ಯಾನು ಮಾತ್ರ, ಹೆಂಡತಿ ಹಿಲ್ಕಾ ಕಾದಿರುವ ಮನೆಯತ್ತ ತಿರುಗುವಾಗ ಊರಿಗೆಲ್ಲ ಕೇಳುವಂತೆ ಗರಗರ ಅನ್ನುತ್ತೆ. "ನಾಚಿಕೆ ಆಗಲ್ವೇನೋ?" ಅಂತ ಒಮ್ಮೆ ಛೇಡಿಸಿದೆ. ಟೋಪಿಯ ಕಿವಿಪಟ್ಟಿ ಇಳಿಸಿಕೊಂಡು ಅಂದ: "ಚಕ್ರಕ್ಕೆ ತಾಗಲಿ ಅಂತ ಆ ತಗಡನ್ನ ನಾನೇ ಬಗ್ಗಿಸಿದ್ದು ಕಣೋ. ಹಿಲ್ಕಾಗೆ ಕಣ್ಣು ಹೋದಮೇಲೆ, ಆ ಸದ್ದು ಕೇಳಿಯೇ ಅವಳು ಕಾಫಿಗೆ ನೀರಿಡೋದು."