ಶಾಂತವ್ವನಿಗೆ ಕೊಟ್ಟಿಗೆ

ಗೆಳೆಯರೇ, ತಂಗಿಯ ಮನೆಗೆ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೆಮ್ಮಿದರೆ, ಕೊಡ ಎತ್ತಿದರೆ ಮೂತ್ರ ಸೋರಿ ನನ್ನ ತಂಗಿ ಶಾಂತವ್ವನ ಸೀರೆ ಒದ್ದೆಯಾಗುತ್ತದೆ. ಅಷ್ಟಕ್ಕೇ ಹೆರಿಗೆಯಾದಾಗಿನಿಂದ ಬಬಲೇಶ್ವರದ ಅತ್ತೆಮನೆಯವರು ಅವಳನ್ನು ಅಡುಗೆಮನೆಗೆ ಬಿಟ್ಟಿಲ್ಲ. ದನದ ಕೊಟ್ಟಿಗೆಯಲ್ಲೇ ಊಟ, ನಿದ್ದೆ. ಅಂಗಳದ ತನಕ ನೀರು ಹೊರುವುದು ಮಾತ್ರ ಅವಳೇ. ಇದಕ್ಕೆ ಮಡಿ ಎಂದು ಹೆಸರು. ಇವತ್ತು ಹಟ ಹಿಡಿದು ಬಿಜಾಪುರದ ದವಾಖಾನೆಗೆ ಕರೆದೊಯ್ದೆ. ಅವಳ ಅತ್ತೆಯೂ ಬಂದರು.

"ಬಾಣಂತನದಾಗ ಹೊಟ್ಟಿಗಿ ಸೀರಿ ಬಿಗಿದು ಕಟ್ಟೇವ್ರಿ. ಇನ್ನೂ ಬಿಗೀಬೇಕೇನ್ರಿ?" ಎಂದು ಅತ್ತೆ ಕೇಳಿದರು.

"ಮೊದಲ ಅದನ್ನ ಬಿಚ್ಚರಿ," ಎಂದರು ಡಾಕ್ಟರಮ್ಮ. "ಶಾಂತವ್ವಾ, ಉಚ್ಚಿ ತಡ್ಕೊಳ್ಳೂವಾಗ ಬಿಗಿ ಹಿಡೀತಿಯಲ್ಲ, ಹಂಗ ಒಳಗೊಳಗ ಹಿಡಿ, ಬಿಡು. ಕುಂತಾಗ ದಿನಾ ಮಾಡು. ಕೊಡ ಹೊರಬ್ಯಾಡ."

ವಾಪಸ್ ಬರುವಾಗ ತಂಗಿ ಬಸ್ಸಿನಲ್ಲೇ ಅದನ್ನು ಶುರು ಮಾಡಿದಳು. ಅತ್ತೆ ಅವಳನ್ನೇ ದಿಟ್ಟಿಸಿದರು. "ಏನೂ ಮಾಡವಲ್ಲಿ, ಸುಮ್ನ ಕುಂತೀಯಲ್ಲ?"

"ಮಾಡಾಕತ್ತೇನ್ರಿ ಅತ್ತಿ."

"ಮತ್ತ ನೀರ ಯಾರ ತರಬೇಕು?"

"ನಿಮ್ಮ ಮಗ ಅದಾರಲ್ರಿ," ಎಂದೆ ನಾನು.

ತಂಗಿಯ ಗಂಡ ಕತ್ತಲಾಗುವ ತನಕ ಕಾದ. ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಕೊಡ ಹಿಡಿದು ಹೊರಟ. ಈಗಷ್ಟೇ ಬಂದ. ಅಂಗಳದಿಂದ ಅಡುಗೆಮನೆಯ ತನಕ ನೀರು ಚೆಲ್ಲಿದ್ದಾನೆ, ಧೋತರ ಪೂರಾ ಒದ್ದೆ.

ಅವನನ್ನು ಯಾರೂ ಕೊಟ್ಟಿಗೆಗೆ ಕಳಿಸಿಲ್ಲ.