ಉಳಿದ ಅರ್ಧ

ದರ್ಜಿಯಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುತ್ತಿದ್ದಳು. ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ ಅನ್ನುತ್ತಿದ್ದಳು. ಥೈರಾಯ್ಡಿನಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿ, ಇಡೀ ಗ್ರಂಥಿಯನ್ನೇ ತೆಗೆದ ಮೇಲಂತೂ ಅನುಮಾನವೆಲ್ಲ ಗಂಡನ ಕಡೆ ತಿರುಗಿತು. ಆತ ಬಟ್ಟೆಗೆ ಬಣ್ಣ ಹಾಕುವವನು. ಮನೆಯ ಹಿಂದಿನ ಕೋಣೆ ತುಂಬ ಬಣ್ಣದ ಡ್ರಮ್ಮುಗಳು, ಮೂಗಿಗೆ ಬಡಿಯುವ ವಾಸನೆ.

“ನಿಮ್ಮ ಬಣ್ಣವೇ ನನ್ನ ಕುತ್ತಿಗೆ ಹಿಡೀತು,” ಅಂದಳು. ಅಂದಿನಿಂದ ಆತ ತಲೆ ತಗ್ಗಿಸಿಕೊಂಡೇ ಉಣ್ಣುತ್ತಿದ್ದ. ಪಾಪದ ಮನುಷ್ಯ, ಇದ್ದರೂ ಇರಬಹುದೆಂದು ತಾನೂ ನಂಬಿಬಿಟ್ಟಿದ್ದ.

ತೆಗೆದ ಗ್ರಂಥಿಯನ್ನು ಪರೀಕ್ಷಿಸಿದ ಲ್ಯಾಬಿನ ವರದಿಯನ್ನು ಮಗಳ ಕೈಲಿ ಓದಿಸಿದಳು. ಬಲಗಡೆಯ ಗಂಟಿನದಷ್ಟೇ ವಿವರ. ಎಡಗಡೆಯ ಹೋಳಿನ ಸುದ್ದಿಯೇ ಇಲ್ಲ. ಮಿಕ್ಕ ಬಟ್ಟೆ ಎಲ್ಲಿ ಎಂದು ಗಿರಾಕಿಗಳು ಅವಳನ್ನು ಪೀಡಿಸಿದ್ದು ಅಷ್ಟಿಷ್ಟಲ್ಲ. ಈಗ ಅವಳ ಸರದಿ. ನೆಟ್ಟಗೆ ಲ್ಯಾಬಿಗೆ ಹೋದಳು.

“ತೆಗೆದಿದ್ದು ಎರಡೂ ಕಡೇದು, ನೋಡಿದ್ದು ಒಂದೇ ಕಡೇದಾ? ಮಿಕ್ಕಿದ್ದೆಲ್ಲಿ ಡಾಕ್ಟ್ರಮ್ಮ?”

ಲ್ಯಾಬಿನ ಡಾಕ್ಟರಮ್ಮ ವಿಚಾರಿಸಿ ಪೆಚ್ಚಾದರು. ಎಡ ಹೋಳು ಕಣ್ಣಿಗೆ ಚೆನ್ನಾಗಿ ಕಂಡಿತ್ತೆಂದು ಯಾರೋ ಅದನ್ನು ಕತ್ತರಿಸದೆ ಬಾಟಲಿಯಲ್ಲೇ ಬಿಟ್ಟಿದ್ದರು. “ತಪ್ಪು ನಮ್ದೇ ಅಮ್ಮ. ನೋಡಿ ಹೇಳ್ತೀನಿ.”

“ನೋಡಿ. ಬಣ್ಣದ ವಿಷ ಸಿಕ್ಕಿದ್ರೆ ಬರೆದು ಕೊಡಿ. ಯಜಮಾನ್ರಿಗೆ ತೋರಿಸ್ಬೇಕು.”

ಮುಂದಿನ ವಾರ ಕರೆ ಬಂತು. ಮಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ಡಾಕ್ಟರಮ್ಮ ಸೂಕ್ಷ್ಮದರ್ಶಕವನ್ನು ಪಕ್ಕಕ್ಕೆ ಸರಿಸಿದರು.

“ಗಂಟು ಒಂದೇ ಕಡೆ ಇದ್ದು ಮಿಕ್ಕಿದ್ದೆಲ್ಲ ಸರಿಯಿದ್ರೆ, ನಿಮಗೊಬ್ಬರಿಗೇ ಬಂದಿದ್ದು ಅಂತಿದ್ವಿ. ಆದ್ರೆ ಎಡಗಡೇಲೂ ಅದೇ ಥರದ ಜೀವಕೋಶಗಳು ಅಲ್ಲಲ್ಲಿ ಗುಂಪುಗುಂಪಾಗಿ ಬೆಳೆದಿವೆ. ಗಂಟಿಂದ ಹರಡಿದ್ದಲ್ಲ, ಅಲ್ಲೇ ಹುಟ್ಟಿದ್ದು. ಹೀಗಿದ್ರೆ ವಂಶದಲ್ಲೇ ಬಂದಿರೋ ಅನುಮಾನ ಜಾಸ್ತಿ. ರಕ್ತ ಪರೀಕ್ಷೆ ಮಾಡಿದ್ರೆ ಖಚಿತ ಆಗತ್ತೆ.”

“ಹಾಗಾದ್ರೆ ಬಣ್ಣ?”

“ಬಣ್ಣದ ಮಾತು ಬಿಡೀಮ್ಮ. ನಿಮಗೆ ಮಕ್ಕಳೆಷ್ಟು?”

ಆ ಪ್ರಶ್ನೆ ಯಾಕೆಂದು ಹೊಳೆಯುತ್ತಲೇ ದರ್ಜಿಯಮ್ಮ ಮಗಳು ಕೂತಿದ್ದ ಬೆಂಚಿನ ಕಡೆ ತಿರುಗಿ ನೋಡಿದಳು. ವಂಶದ್ದೇ ಆದರೆ ಮಗಳಿಗೂ ಅರ್ಧಕ್ಕರ್ಧ ಸಾಧ್ಯತೆ ಅಂದರು ಡಾಕ್ಟರಮ್ಮ. ಬೇಗ ಗೊತ್ತಾದರೆ ಗಂಟಾಗುವ ಮೊದಲೇ ಗ್ರಂಥಿ ತೆಗೆಯಬಹುದು ಅಂತಲೂ ಅಂದರು. ಅದು ಅವಳ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ.

ಹೊರಗೆ ಮಗಳು ಎದ್ದು ನಿಂತಳು. “ಏನಂತಮ್ಮ? ಅಪ್ಪಂದೇ ತಪ್ಪಂತಾ?”

“ನಿಮ್ಮಪ್ಪಂದೇನೂ ಇಲ್ಲ ಕಣೆ. ಮೊದ್ಲು ನನ್ನ ರಕ್ತ ನೋಡ್ತಾರಂತೆ. ನನ್ನಲ್ಲಿ ಸಿಕ್ಕಿದ್ರೆ ಆಮೇಲೆ ನಿಂದು.”

ಮಗಳಿಗೆ ಅರ್ಥವಾಗಲಿಲ್ಲ, ಕೂದಲು ಹಿಂದಕ್ಕೆ ಸರಿಸಿಕೊಂಡಳು. ಆ ನುಣುಪು ಕುತ್ತಿಗೆಯನ್ನು ನೋಡುತ್ತ ದರ್ಜಿಯಮ್ಮ ಜನ್ಮದಲ್ಲಿ ಮೊದಲ ಸಲ ತನ್ನ ಅನುಮಾನ ಸುಳ್ಳಾಗಲಿ ಎಂದು ಬೇಡಿಕೊಂಡಳು.