ಶಲ್ಯದ ಕೆಳಗೆ ಒಂದು ನೌಕರಿ

ಉಪದೇಶ ಪುಕ್ಕಟೆ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಅದು ಇಪ್ಪತ್ತೆರಡು ರೂಪಾಯಿಗೆ ಬಿತ್ತು. ಅದೂ ತೆಗೆದುಕೊಳ್ಳುವುದಕ್ಕೆ ಕೊಟ್ಟ ಕ್ರಯವಲ್ಲ, ಕೊಡುವುದಕ್ಕೆ ತೆತ್ತ ಕ್ರಯ. ಕುಮಟೆಯ ನಮ್ಮ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ನನ್ನನ್ನು ಮಾತಾಡಲು ಕರೆದಿದ್ದರು. ಪದವಿ ಮುಗಿದ ಮೇಲೆ ಎಂತ ಮಾಡಬೇಕು, ನಾಲ್ಕು ಜನಕ್ಕೆ ಮುಂದಾಳು ಆಗುವುದು ಹೇಗೆ ಎಂಬುದು ವಿಷಯ. ಕಾಯಿ-ಕೊಬ್ಬರಿ ವ್ಯಾಪಾರ ಮಾಡುವವನ ಅಂಗಿಗೆ ಎಣ್ಣೆಯ ವಾಸನೆ ಇದ್ದೇ ಇರುತ್ತದೆ. ಆ ವಾಸನೆಯ ಜೊತೆ ಹೊರಡುವ ಉಪದೇಶವನ್ನು ಹುಡುಗರು ಮೂಗು ಮುಚ್ಚಿಕೊಂಡು ಕೇಳಿಯಾರು ಎಂದು ಹೆದರಿ ಒಂದು ಕೋಟು ಹೊಲಿಸಿದೆ. ದರ್ಜಿ ಇಪ್ಪತ್ತೆಂಟು ಹೇಳಿದ್ದ. ಇಳಿಸಿದೆ. ಇಳಿಸಿದ್ದನ್ನು ಅವನು ತೋಳಿನ ಉದ್ದದಲ್ಲಿ ವಸೂಲು ಮಾಡಿಕೊಂಡಿದ್ದಾನೆಂದು ವೇದಿಕೆಯ ಮೇಲೆ ಕೈ ಎತ್ತಿದಾಗ ಗೊತ್ತಾಯಿತು.

ನನ್ನನ್ನೇ ಯಾಕೆ ಕರೆದರು ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಕಾಲೇಜು ಹೊಸತಾಗಿ ತೆರೆದಾಗ, ಮೀಸೆ ಬಲಿತ ಮೇಲೆ, ಹೋಗಿ ಸೇರಿದವ ನಾನು. ಇಂಟರ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಕೂತದ್ದಷ್ಟೇ ಆಯಿತು. ಹಾಗಾಗಿ ಜೊತೆಯವರಿಗಿಂತ ಒಂದು ವರ್ಷ ಮೊದಲೇ ನಾನು ಹಳೆಯ ವಿದ್ಯಾರ್ಥಿಯಾದೆ. ಆದರೆ ಕೂಟದ ಊಟಕ್ಕೆ ಪ್ರತಿವರ್ಷ ಕಾಯಿ ಹೋಗುತ್ತಿದ್ದದ್ದು ನನ್ನ ಅಂಗಡಿಯಿಂದ. ಪುಕ್ಕಟೆ ಕಾಯಿ ಕೊಡುವವನಿಗೆ ಒಂದು ಅರ್ಧ ಗಂಟೆ ಮಾತಾಡಲು ಬಿಡುವುದು ಎಲ್ಲ ಊರಿನ ಮರ್ಯಾದೆ ತಾನೆ?

ಮುಂದಾಳುತನದ ಬಗ್ಗೆ ನಾನು ಹೇಳಿದ್ದು ಬಹಳ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಬೇರೆ ಯಾರೂ ಹಾಗೆ ಅಂದದ್ದನ್ನು ಕೇಳಿಲ್ಲ. ನಮ್ಮ ಕಡಲಿಗೆ ಹೋಗುವ ದೋಣಿಗಳಲ್ಲಿ ತಾಂಡೇಲ ಎಂಬ ಯಜಮಾನ ಇರುತ್ತಾನೆ. ಅವನು ದೋಣಿಯ ಮೂತಿಯಲ್ಲಿ ಎದೆ ಸೆಟೆಸಿ ನಿಲ್ಲುವುದಿಲ್ಲ. ಹಿಂದುಗಡೆ ಚುಕ್ಕಾಣಿ ಹಿಡಿದು, ಬೀಡಿ ಕಚ್ಚಿಕೊಂಡು, ಎಲ್ಲರ ಹಿಂದೆ ಕೂತಿರುತ್ತಾನೆ. ಇನ್ನು ಸಂಸ್ಕೃತ ಬಲ್ಲವರು ನಾಯಕ ಎಂದರೆ ಒಯ್ಯುವವ ಎಂದು ಅರ್ಥ ಹೇಳುತ್ತಾರೆ. ನನ್ನ ಅಡ್ಡಹೆಸರೇ ನಾಯಕ. ಆದರೆ ನಾನು ಈವರೆಗೆ ಒಯ್ದದ್ದು ಕಾಯಿಯ ಚೀಲ ಮಾತ್ರ, ಅದೂ ಹಮಾಲಿ ಉಳಿಸುವುದಕ್ಕೆ. ಇದನ್ನೆಲ್ಲ ಹೇಳಿದಾಗ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಮುಗಿಯಿತೆಂದು ತಿಳಿದು ತಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು.

ನೌಕರಿಯ ಮಾತು ಬಂದಾಗ ಮಾತ್ರ ಹುಡುಗರು ನೆಟ್ಟಗೆ ಕೂತರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಅಣ್ಣಂದಿರ ಕಾಲದಲ್ಲಿ ದಾರಿ ಒಂದೇ ಇತ್ತು: ಮುಂಬಯಿ. ಮರಾಠಿ ನಾಲ್ಕಕ್ಷರ ಬಂದರೆ ಕಾರಕೂನಿಕೆ, ಬಾರದಿದ್ದರೆ ಹೋಟೆಲು. ರಾಜ್ಯ ಬದಲಾಗಿ ನಾವು ಮೈಸೂರಿನ ಕಡೆ ಸೇರಿದ್ದೇ ದಾರಿ ಪೂರ್ವಕ್ಕೆ ತಿರುಗಿತು. ಈಗ ಅರ್ಜಿ ಹಾಕಬೇಕಾದ ಊರು ಬೆಂಗಳೂರು, ಆದರೆ ಗುರುತಿನವರೆಲ್ಲ ಇರುವುದು ಮುಂಬಯಿಯಲ್ಲಿ. ಹೀಗೆ ಮುಖ ಒಂದು ಕಡೆ, ನೆಂಟಸ್ತಿಕೆ ಇನ್ನೊಂದು ಕಡೆ ಆಗಿ ನಮ್ಮ ಪದವೀಧರರು ಗಾಳಿ ನಿಂತ ದಿನದ ಹಾಯಿಯಂತೆ ಜೋತುಬಿದ್ದಿದ್ದರು. ನಾನು ಅವರಿಗೆ ಹೇಳಿದ್ದು ಇಷ್ಟೇ: ಎಲ್ಲಿಯಾದರೂ ಹೋಗಿ, ಹೇಳಿದ ಸಂಬಳಕ್ಕೆ ಒಪ್ಪಬೇಡಿ. ಚೌಕಾಸಿ ಮಾಡಿ. ಚೌಕಾಸಿ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಈ ಕೊನೆಯ ಮಾತನ್ನು ಒಬ್ಬಳು ನಿಜವೆಂದೇ ತಿಳಿದಳು.

ಅವಳು ವಿಮಲಾ. ಪೇಟೆಯಲ್ಲಿ ನನ್ನ ಪಕ್ಕದ ಕಿರಾಣಿ ಅಂಗಡಿಯ ಪುರುಷೋತ್ತಮ ಶಾನಭಾಗರ ಮಗಳು. ಗಣಿತ ತೆಗೆದುಕೊಂಡು ಪದವಿ ಮುಗಿಸಿದ್ದಳು. ಭಟ್ಕಳದ ಒಂದು ಖಾಸಗಿ ಹೈಸ್ಕೂಲಿನವರು ಶಿಕ್ಷಕರು ಬೇಕೆಂದು ಹೇಳಿ ಕಳಿಸಿದ್ದರು.

"ನಾಯಕ ಮಾಮ, ನನಗೆ ಮೆಟ್ರಿಕ್ ಕ್ಲಾಸಿಗೆ ಗಣಿತ ಕಲಿಸಬೇಕು ಅಂತ ಆಸೆ" ಅಂದಳು. "ಬೇರೆ ಎಂತದೂ ಬೇಡ. ಆದರೆ ಅಪ್ಪ ಬಿಡುದಿಲ್ಲ."

ಶಾನಭಾಗರನ್ನು ಕೇಳಿದೆ. ಅವರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು: "ನಾಯಕ್ರೇ, ಹೆಣ್ಣುಹುಡುಗಿ ಪರ ಊರಲ್ಲಿ ನೌಕರಿ ಮಾಡುದು ಅಂದ್ರೆ ಯಾರಾದ್ರೂ ಮುಂದೆ ನಿಂತು ಗಟ್ಟಿ ಮಾಡಿಕೊಡಬೇಕು. ನೀವು ಮಾತಾಡಿ ಗಟ್ಟಿ ಮಾಡಿದ್ರೆ ವಿಚಾರ ಮಾಡ್ತೇನೆ. ಇಲ್ಲದಿದ್ರೆ ಮನೆಯಲ್ಲೇ ಇರಲಿ, ಅಂಗಡಿ ಲೆಕ್ಕ ನೋಡಲಿ. ಅದೂ ಗಣಿತವೇ ಅಲ್ವಾ?"

ಹೀಗೆ ಆ ಹುಡುಗಿಯ ನಾಲ್ಕು ವರ್ಷದ ಓದು ನನ್ನ ನಾಲಗೆಯ ಮೇಲೆ ಬಂದು ಕೂತಿತು. ನನಗೆ ಹೆದರಿಕೆ ಆಗಬೇಕಿತ್ತು. ಆದದ್ದು ಖುಷಿ. ಯಾಕೆಂದರೆ ಆ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಬಟ್ಟೆ ವ್ಯಾಪಾರದ ಒಬ್ಬ ಸಾಹೇಬರು, ಮತ್ತು ಆ ಸಾಹೇಬರ ತೆಂಗಿನ ತೋಟದ ಕಾಯಿಯನ್ನು ಪ್ರತಿವರ್ಷ ಕೊಳ್ಳುವವ ನಾನೇ.

ಭಟ್ಕಳಕ್ಕೆ ಹೊರಟೆವು. ಹೊನ್ನಾವರದಲ್ಲಿ ಬಸ್ಸಿಳಿದು, ಶರಾವತಿಯನ್ನು ಲಾಂಚಿನಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಹೊಳೆ ನಮ್ಮಲ್ಲಿ ಸಮುದ್ರದ ಹತ್ತಿರ ಬಂದು ಅಗಲವಾಗಿದೆ. ಉಪದೇಶಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಲಾಂಚು ನಡು ಹೊಳೆಗೆ ಬರುವಷ್ಟರಲ್ಲಿ ವ್ಯಾಪಾರದ ಸೂತ್ರಗಳನ್ನೆಲ್ಲ ಅವಳಿಗೆ ಹೇಳಿ ಮುಗಿಸಿದ್ದೆ. ಬೇಕಾದದ್ದನ್ನು ಬೇಕೆಂದು ತೋರಿಸಬಾರದು. ಮೊದಲ ಬೆಲೆಗೆ ನಗಬೇಕು. ಎರಡನೆಯದಕ್ಕೆ ಎದ್ದು ನಿಲ್ಲಬೇಕು.

"ಮಾಮ, ಒಂದು ಮಾತು ಹೇಳುದಿತ್ತು" ಅಂದಳು.

"ಆಮೇಲೆ ಹೇಳು ಮಗಾ. ಮೊದಲು ನಾನು ಹೇಳುದು ಕೇಳು."

ಅವಳು ಕೇಳಿದಳು. ಲಾಂಚಿನಲ್ಲಿ ಬೇರೆ ದಾರಿ ಇರಲಿಲ್ಲ.

ಇಲ್ಲಿ ನಮ್ಮ ಪೇಟೆಯ ಒಂದು ಪದ್ಧತಿಯನ್ನು ಹೇಳಬೇಕು. ದೊಡ್ಡ ವ್ಯಾಪಾರವನ್ನು ನಾವು ಬಾಯಲ್ಲಿ ಮಾಡುವುದಿಲ್ಲ. ಕೊಳ್ಳುವವ, ಕೊಡುವವ ಇಬ್ಬರೂ ಎದುರುಬದುರು ಕೂತು ಒಂದು ಶಲ್ಯವನ್ನು ಕೈಗಳ ಮೇಲೆ ಹಾಕಿಕೊಳ್ಳುತ್ತಾರೆ. ಶಲ್ಯದ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತುವುದೇ ದರ. ಒಂದು ಬೆರಳಿಗೆ ಹತ್ತೋ ನೂರೋ ಮೊದಲೇ ಮಾತಾಗಿರುತ್ತದೆ. ಬೆರಳು ಸಾಲದಿದ್ದರೆ ಮತ್ತೆ ಮೊದಲಿನಿಂದ ಒತ್ತುವುದು. ಮೇಲೆ ಮಳೆ, ಬಿಸಿಲು, ಮಕ್ಕಳ ಕ್ಷೇಮ ಮಾತಾಡುತ್ತ ಇದ್ದರೆ ಕೆಳಗೆ ಸಾವಿರಾರು ಕಾಯಿಯ ಹಣೆಬರಹ ತೀರ್ಮಾನವಾಗುತ್ತದೆ. ಸುತ್ತ ನಿಂತವರಿಗೆ ದರ ತಿಳಿಯಬಾರದು, ಅದೇ ಇದರ ಗುಟ್ಟು. ಪರರಾಷ್ಟ್ರದ ಒಪ್ಪಂದಗಳನ್ನೂ ಹೀಗೇ ಮಾಡುತ್ತಾರೆಂದು ನನ್ನ ಗುಮಾನಿ. ಇಲ್ಲದಿದ್ದರೆ ಪೇಪರಿನ ಫೋಟೋಗಳಲ್ಲಿ ಅಷ್ಟು ಹೊತ್ತು ಕೈ ಹಿಡಿದುಕೊಂಡು ಯಾಕೆ ನಿಲ್ಲಬೇಕು?

ಶಾಲೆಯ ಆಫೀಸಿನಲ್ಲಿ ಸಾಹೇಬರೂ ಹೆಡ್ ಮಾಸ್ತರರೂ ಕೂತಿದ್ದರು.

"ಅರೆ ನಾಯಕರೇ! ಕಾಯಿ ಕೀಳುದಕ್ಕೆ ಇನ್ನೂ ತಿಂಗಳಿದೆ, ಈಗಲೇ ಬಂದ್ರಿ?" ಎಂದರು ಸಾಹೇಬರು.

"ಕಾಯಿಗೆ ಬಂದದ್ದಲ್ಲ ಸಾಹೇಬ್ರೇ. ನಮ್ಮ ಹುಡುಗಿ, ಗಣಿತದಲ್ಲಿ ಪದವಿ. ಇವಳ ನೌಕರಿ ವಿಷಯ."

ಕುಶಲ ಮುಗಿಯಿತು. ಚಾ ಬಂತು. ವಿಮಲಾ ನಮ್ಮ ಎದುರಿಗೇ ಕೂತಿದ್ದಳು. ಸಂಬಳದ ಮಾತು ಬಂದದ್ದೇ ತಡ, ಎಷ್ಟೋ ವರ್ಷದ ಅಭ್ಯಾಸ ನೋಡಿ, ನಾನು ಹೆಗಲಿನ ಶಲ್ಯ ತೆಗೆದು ಮೇಜಿನ ಮೂಲೆಯ ಮೇಲೆ ಹಾಸಿದೆ. ಸಾಹೇಬರಿಗೂ ಅದೇ ಅಭ್ಯಾಸ. ಅವರ ಕೈ ತಾನಾಗಿಯೇ ಒಳಗೆ ಬಂತು. "ಬೆರಳಿಗೆ ಹತ್ತು" ಎಂದರು, ಚಾ ಗುಟುಕರಿಸುತ್ತ.

ಮುಂದಿನ ಐದು ನಿಮಿಷ ನನ್ನ ಜೀವಮಾನದ ಒಳ್ಳೆಯ ವ್ಯಾಪಾರಗಳಲ್ಲಿ ಒಂದು. ಅವರು ತೊಂಬತ್ತು ಒತ್ತಿದರು. ನಾನು ನಕ್ಕೆ. ನೂರು ಒತ್ತಿದರು. ನಾನು ಎದ್ದು ನಿಲ್ಲಬೇಕೆಂದರೆ ಕೈ ಸಿಕ್ಕಿಕೊಂಡಿತ್ತು, ಅರ್ಧ ಎದ್ದೆ. ಮೇಲೆ ನಾವಿಬ್ಬರೂ ಭಟ್ಕಳದ ಮಲ್ಲಿಗೆಯ ದರ ಏರಿದ್ದನ್ನು ಮಾತಾಡುತ್ತಿದ್ದೆವು. ಆಗ ಹೆಡ್ ಮಾಸ್ತರರು ಮೆಲ್ಲಗೆ ಕೆಮ್ಮಿ ಹೇಳಿದರು: "ಮೆಟ್ರಿಕ್ಕಿನ ಹುಡುಗರು ದೊಡ್ಡವರು, ತುಂಟರು. ಇವರು ಕೆಳಗಿನ ಕ್ಲಾಸುಗಳನ್ನು ನೋಡಿಕೊಂಡರೆ ಅನುಕೂಲ. ಜೊತೆಗೆ ಹೆಣ್ಣುಮಕ್ಕಳ ಹೊಲಿಗೆ ಕ್ಲಾಸು."

ಸಾಹೇಬರು ಶಲ್ಯದ ಕೆಳಗೆ ಇನ್ನೊಂದು ಬೆರಳು ಕೂಡಿಸಿದರು. ನೂರಾ ಹತ್ತು! ತೊಂಬತ್ತರಿಂದ ನೂರಾ ಹತ್ತು!

"ಆತು!" ಎಂದೆ ನಾನು.

ಕಾಯಿಯ ವ್ಯಾಪಾರ ಮಾಡಿದವರಿಗೆ ಒಂದು ತೊಂದರೆ ಇದೆ. ನಾವು ಇಷ್ಟು ವರ್ಷ ಕೊಂಡು ಮಾರಿದ ಕಾಯಿಗಳಲ್ಲಿ ಒಂದೂ ಬಾಯಿ ತೆರೆದು ನಡುವೆ ಮಾತಾಡಿಲ್ಲ.

"ಮಾಮ" ಎಂದಳು ವಿಮಲಾ, "ಎಂತ ಆತು?"

"ಆಮೇಲೆ ಹೇಳ್ತೆ ಮಗಾ. ಒಳ್ಳೆದಾಗಿದೆ."

"ನನ್ನ ಸಂಬಳ ಎಷ್ಟು ಅಂತ ನನಗೇ ಗೊತ್ತಾಗಬಾರದಾ? ಆ ಶಲ್ಯ ತೆಗೀರಿ."

ಹೆಡ್ ಮಾಸ್ತರರು ಕಿಟಕಿಯ ಹೊರಗೆ ನೋಡತೊಡಗಿದರು. ನಾನು ಸಾಹೇಬರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರೂ ಶಲ್ಯ ತೆಗೆಯಲಿಲ್ಲ. ಅದೊಂಥರಾ ಜನರೆದುರು ಅಂಗಿ ಬಿಚ್ಚಿದ ಹಾಗೆ. ಕಡೆಗೆ ನಾನೇ ದರ ತೊಂಬತ್ತರಿಂದ ನೂರಕ್ಕೆ, ನೂರರಿಂದ ನೂರಾ ಹತ್ತಕ್ಕೆ ಏರಿದ್ದನ್ನು ಹೇಳಿದೆ. ಹೇಳುವಾಗ ಅವಳು ಕಾಲಿಗೆ ಬೀಳಬಹುದೆಂಬ ಆಸೆ ಮನಸ್ಸಿನಲ್ಲಿತ್ತು.

ಅವಳು ನನ್ನ ಕಡೆ ನೋಡಲೂ ಇಲ್ಲ. ಸಾಹೇಬರಿಗೆ ಹೇಳಿದಳು: "ಕೊನೆಗೆ ಕೂಡಿಸಿದ ಹತ್ತು ರೂಪಾಯಿ ನೀವೇ ಇಟ್ಕೊಳ್ಳಿ. ನೂರು ಕೊಡಿ ಸಾಕು. ಹೊಲಿಗೆ ಕ್ಲಾಸು ಬೇಡ, ನನಗೆ ಸೂಜಿಗೆ ದಾರ ಪೋಣಿಸುದಕ್ಕೂ ಬರುದಿಲ್ಲ. ಮೆಟ್ರಿಕ್ಕಿನ ಗಣಿತ ಕೊಡಿ."

"ಹುಡುಗರು ದೊಡ್ಡವರು..." ಎಂದರು ಹೆಡ್ ಮಾಸ್ತರರು.

"ನಮ್ಮ ಅಂಗಡಿಯಲ್ಲಿ ಉದ್ದರಿ ಕೇಳುದಕ್ಕೆ ಬರುವವರು ಅವರಿಗಿಂತ ದೊಡ್ಡವರು ಸರ್. ಅಪ್ಪ ಊಟಕ್ಕೆ ಹೋದಾಗ ಅವರನ್ನೆಲ್ಲ ಹಿಡಿದು ಕೂರಿಸಿದವಳು ನಾನೇ. ದೀಪಾವಳಿ ತನಕ ನೋಡಿ. ಕ್ಲಾಸು ನನ್ನ ಕೈಲಿ ನಿಲ್ಲದಿದ್ರೆ ನೀವು ಹೇಳುದು ಬೇಡ, ನಾನೇ ಬಸ್ಸು ಹತ್ತುತ್ತೇನೆ."

ಬೇಕಾದದ್ದನ್ನು ಬೇಕೆಂದು ತೋರಿಸಬಾರದು ಎಂಬ ನನ್ನ ಮೊದಲ ಸೂತ್ರವನ್ನು ಅವಳು ಹೀಗೆ ನನ್ನೆದುರಿಗೇ ಮುರಿದು ಹಾಕಿದಳು. ನಗಲಿಲ್ಲ, ಎದ್ದು ನಿಲ್ಲಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಕೂತಿದ್ದಳು, ಅಷ್ಟೇ. ನನಗೆ ಆಗ ತಿಳಿಯಿತು. ಲಾಂಚಿನಲ್ಲಿ ಅವಳು ಹೇಳಬೇಕೆಂದಿದ್ದ ಮಾತು ಇದೇ. ಅದಕ್ಕೂ ಮೊದಲು ಕುಮಟೆಯಲ್ಲೇ ಹೇಳಿದ್ದಳು. ನಾನು ಕೇಳಿಸಿಕೊಂಡು, ಕೊಬ್ಬರಿಯ ಜೊತೆ ಬರುವ ಕರಟದಂತೆ ಪಕ್ಕಕ್ಕೆ ಎಸೆದಿದ್ದೆ. ಅವಳಿಗೆ ಬೇಕಾಗಿದ್ದ ಒಂದೇ ಒಂದನ್ನು ಹತ್ತು ರೂಪಾಯಿಗೆ ಮಾರಿ, "ಆತು" ಎಂದು ಕೂಗಿದ್ದೆ.

ಸಾಹೇಬರು ಚಾದ ಕಪ್ಪನ್ನು ಕೆಳಗಿಟ್ಟರು. "ಹೆಡ್ ಮಾಸ್ತರರೇ, ಮೆಟ್ರಿಕ್ ಗಣಿತ ಇವರದ್ದು. ಬರ್ಕೊಳ್ಳಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ನಾಯಕರೇ, ಇನ್ನು ನನ್ನ ಕೈ ಬಿಡಿ" ಎಂದರು.

ನಿಜವಾಗಿಯೂ ನಾನು ಇನ್ನೂ ಹಿಡಿದುಕೊಂಡೇ ಇದ್ದೆ.

ವಾಪಸು ಬರುವಾಗ ಹೊಳೆ ದಾಟುವವರೆಗೆ ನಾನು ಒಂದೂ ಉಪದೇಶ ಕೊಡಲಿಲ್ಲ. ನನ್ನ ಪರಿಚಯದವರು ಇದನ್ನು ನಂಬುವುದಿಲ್ಲ. ಆದರೆ ಕುಮಟೆ ಹತ್ತಿರ ಬಂದ ಹಾಗೆ ಇನ್ನೊಂದು ಚಿಂತೆ ಶುರುವಾಯಿತು. ನಾನು ಮುಂದೆ ನಿಂತು ಗಟ್ಟಿ ಮಾಡಿದರೆ ಕಳಿಸುವ ವಿಚಾರ ಮಾಡುತ್ತೇನೆ ಎಂದಿದ್ದರು ಶಾನಭಾಗರು. ನಾನು ಮಾಡಿದ್ದನ್ನು ಮಗಳು ಮುರಿದು ಬೇರೆ ಮಾಡಿಕೊಂಡು ಬಂದಿದ್ದಳು, ಅದೂ ಕಡಿಮೆಗೆ. ಹೇಗೆ ಹೇಳುವುದು? ಸುಳ್ಳು ಹೇಳೋಣವೆಂದರೆ ಜೊತೆಗೆ ಹುಡುಗಿ ಇದ್ದಳು, ಅವಳಿಗೆ ಲೆಕ್ಕ ಬರುತ್ತಿತ್ತು.

ಅಂಗಡಿಯಲ್ಲಿ ಶಾನಭಾಗರು ಹುಣಸೆಹಣ್ಣು ತೂಗುತ್ತಿದ್ದರು. ನಡೆದದ್ದನ್ನು ನಾನು ಹೇಳಿದೆ, ಶಲ್ಯದ ಭಾಗವನ್ನು ಸ್ವಲ್ಪ ಮೊಟಕು ಮಾಡಿ. ಅವರು ಗಿರಾಕಿಯನ್ನು ಕಳಿಸಿ, ಕೈ ಒರೆಸಿಕೊಂಡು, ಮಗಳ ಮುಖವನ್ನೇ ನೋಡಿದರು.

"ನೂರಾ ಹತ್ತು ಸಿಕ್ಕುದಿತ್ತು. ನೂರಕ್ಕೆ ಇಳಿಸಿದಿ?"

"ಹೌದು ಅಪ್ಪ."

"ಯಾರೂ ಹೇಳಿಕೊಡದೆ, ನೀನೇ ಮಾತಾಡಿದಿ?"

"ಹೌದು."

ಶಾನಭಾಗರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಹೋಗಲಿ ನಾಯಕ್ರೇ. ಅಲ್ಲಿ ದಿನಾ ಇವಳ ಪರವಾಗಿ ಮಾತಾಡುದಕ್ಕೆ ನೀವಂತೂ ಇರುದಿಲ್ಲ. ಅದೇ ನನಗೆ ಹೆದರಿಕೆ ಇತ್ತು. ಬರೀ ನೀವು ಮಾತಾಡಿ ಬಂದಿದ್ರೆ ನಾನು ಇನ್ನೊಂದು ಸಲ ವಿಚಾರ ಮಾಡ್ತಿದ್ದೆ."

ಮುಂದಿನ ಸೋಮವಾರ ಅವಳು ಭಟ್ಕಳದ ಬಸ್ಸು ಹತ್ತಿದಳು. ದೀಪಾವಳಿಗೆ ಬಂದಳು, ರಜೆ ಮುಗಿದದ್ದೇ ವಾಪಸು ಹೋದಳು. ಅಷ್ಟರ ಮೇಲೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಆದರೂ ಉಪದೇಶ ಕೊಡುವ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈ ವರ್ಷ ಪದವಿ ಮುಗಿಸಿ ಕೂತಿರುವವರು ನೀವಾಗಿದ್ದರೆ ನನ್ನ ನಾಲ್ಕು ಮಾತು ಕೇಳಿ, ಕಾಸು ಕೊಡಬೇಕಾಗಿಲ್ಲ. ಸಂಬಳ ಎಷ್ಟೆಂದು ಕೇಳುವ ಮೊದಲು ಕೆಲಸ ಯಾವುದೆಂದು ಬಿಡಿಸಿ ಕೇಳಿ. ಏನನ್ನು ಬಿಟ್ಟುಕೊಡಲಾರೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಿ, ಎದುರಿನವರಿಗೆ ಅದನ್ನು ನಿಮ್ಮ ಬಾಯಲ್ಲೇ ಹೇಳಿ. ಹೇಳುವಾಗ ಎರಡೂ ಕೈ ಮೇಜಿನ ಮೇಲಿರಲಿ. ಉಳಿದದ್ದರಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ, ಅದು ಆರೋಗ್ಯಕ್ಕೆ ಒಳ್ಳೆಯದು. ಇನ್ನು ನನ್ನಂಥ ಅನುಭವಸ್ಥರು ಸಿಕ್ಕರೆ ಹತ್ತಿರ ಹೋಗಿ ಕೂತುಕೊಳ್ಳಿ, ಬೇಡವೆನ್ನುವುದಿಲ್ಲ. ನಿಮಗೆ ಎಂತ ಬೇಕು ಎಂದು ನಾವು ಕೇಳುತ್ತೇವೋ ಇಲ್ಲವೋ ನೋಡುತ್ತಿರಿ. ಚಾ ಮುಗಿಯುವವರೆಗೂ ಕೇಳದಿದ್ದರೆ ನಮಸ್ಕಾರ ಹೇಳಿ ಎದ್ದುಬಿಡಿ. ಚಾದ ದುಡ್ಡನ್ನು ಮಾತ್ರ ಉಪದೇಶ ಕೊಟ್ಟವನಿಗೇ ಬಿಡಿ.